ಕೆಂಪು ಪೆಟ್ಟಿಗೆಯ ರೆಂಚು

ಬಿಗಿತ ಅಳೆಯುವ ಟಾರ್ಕ್ ರೆಂಚಿನ ಹಿಡಿಯನ್ನು ಕೆಳಗಿನ ಗೆರೆಯವರೆಗೂ ಸಡಿಲಿಸಿ, ಬಟ್ಟೆಯಿಂದ ಒರೆಸಿ, ಕೆಂಪು ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಪಕ್ಕದಲ್ಲಿ ಅಪ್ಪ ಸ್ಪಾರ್ಕ್ ಪ್ಲಗ್ ಉಜ್ಜುತ್ತಿದ್ದರು. ಪೆಟ್ಟಿಗೆಯೊಳಗಿನ ಸ್ಪಂಜಿನ ಅಚ್ಚು ಈ ರೆಂಚಿನದಲ್ಲ. ಅಪ್ಪ ಬ್ಲೇಡಿನಿಂದ ಕೊರೆದು ಅದರ ಉದ್ದವನ್ನು ಹೆಬ್ಬೆರಳಿನಷ್ಟು ಹೆಚ್ಚಿಸಿದ್ದರು.

ಪೆಟ್ಟಿಗೆ ಹೆಸರಾಂತ ಕಂಪನಿಯದು. ಅದರ ರೆಂಚು ಗ್ಯಾರೇಜಿನ ಗುಂಡಿಗೆ ಬಿದ್ದು ಕೆಟ್ಟಾಗ, ಅಂಗಡಿಯವನು ಎರಡನ್ನು ಮುಂದಿಟ್ಟಿದ್ದ: ಅದೇ ಕಂಪನಿಯದೊಂದು, ಹೆಸರೇ ಕೇಳಿರದ ಅಗ್ಗದ್ದೊಂದು.

"ನೀನೇನಂತೀಯಮ್ಮ?" ಎಂದರು ಅಪ್ಪ. ಶಾಲೆ ಬಿಟ್ಟ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

"ಚಕ್ರದ ನಟ್ಟಿಗೆ ಇದೇ ಸಾಕಪ್ಪ. ಅಳತೆಗೆ ಬಂದಾಗ ಇದೂ ಟಕ್ ಅನ್ನತ್ತೆ," ಎಂದು ಅಗ್ಗದ್ದನ್ನು ಮುಟ್ಟಿದೆ.

ಚಕ್ರಕ್ಕೆ ಸಾಕೂ ಆಯಿತು. ಆದರೆ ಒಂದೊಂದು ಸಲ ಆ ಟಕ್ ತಡವಾಗುತ್ತದೆ, ಅಷ್ಟರಲ್ಲಿ ಬಿಗಿತ ಅಳತೆ ದಾಟಿರುತ್ತದೆ. ನನ್ನ ಮಣಿಕಟ್ಟಿಗೆ ಅದು ಗೊತ್ತಾಗಿತ್ತು. ಅಪ್ಪನಿಗೂ ಗೊತ್ತಾಗಿತ್ತು. ಹಿಡಿ ಜಾರುತ್ತದೆಂದು ಅವರು ಅದರ ಹೆಸರಿನ ಮೇಲೆ ಕಪ್ಪು ಟೇಪು ಸುತ್ತಿದರು. ಗಿರಾಕಿಗಳು ಪೆಟ್ಟಿಗೆ ನೋಡಿ, ದೊಡ್ಡ ಕಂಪನಿ ರೆಂಚು ಎಂದು ತಲೆದೂಗುವರು. ಅಪ್ಪ ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಲೂ ಇರಲಿಲ್ಲ.

ಪೆಟ್ಟಿಗೆ ಮುಚ್ಚುವಷ್ಟರಲ್ಲಿ ಅಮ್ಮನ ತಮ್ಮ ಬಂದರು. ಹಿಂದಿನ ಬೀದಿಯಲ್ಲಿ ಅವರದೊಂದು ಸಣ್ಣ ಗ್ಯಾರೇಜು.

"ಭಾವ, ನಿಮ್ಮ ದೊಡ್ಡ ಕಂಪನಿ ರೆಂಚು ಕೊಡಿ. ಶಾಲೆ ವ್ಯಾನಿನ ಎಂಜಿನ್ ಹೆಡ್ ಕೂರಿಸ್ಬೇಕು. ಹೋದ್ಸಲ ಕೈಯಂದಾಜಲ್ಲಿ ಬಿಗಿದೆ, ಗ್ಯಾಸ್ಕೆಟ್ ಹಾರಿ ನೀರೆಲ್ಲ ಸೋರ್ತು. ಇನ್ನೊಂದ್ಸಲ ಹಾಗಾದ್ರೆ ವ್ಯಾನು ಬೇರೆ ಗ್ಯಾರೇಜಿಗೆ ಅಂದಿದಾರೆ ಶಾಲೆಯವ್ರು."

ಅಪ್ಪ ನನ್ನನ್ನು ನೋಡಿದರು. ನಾನು ಬಟ್ಟೆಯನ್ನು ನೋಡಿದೆ.

"ಕೊಡಮ್ಮ. ನೀನೂ ಹೋಗಿ ವಾಪಸ್ ತಗೊಂಡ್ಬಾ."

ಅಲ್ಲಿ ಪೆಟ್ಟಿಗೆ ತೆರೆದ ಮಾವ ಟೇಪು ನೋಡಿ ನಕ್ಕರು. "ನಿಮ್ಮಪ್ಪ ರೆಂಚಿಗೂ ಸ್ವೆಟರ್ ಹೊಲ್ಸಿದಾರಾ? ನಂಗೇ ಒಂದಿಲ್ಲ!"

ನಾನೂ ನಕ್ಕೆ. ನಕ್ಕಿದ್ದಕ್ಕೆ ಮುಖ ಉರಿಯಿತು.

ಅವರು ಅಂಗಿಯ ತೋಳು ಮಡಚಿ, ನಡುವಿನ ಬೋಲ್ಟಿನಿಂದ ಶುರುಮಾಡಿ ಹೊರಗಿನವಕ್ಕೆ ಬಂದರು. ಪ್ರತಿ ಟಕ್ಕಿಗೂ ಪರೀಕ್ಷೆಯಲ್ಲಿ ಪಾಸಾದವರಂತೆ ನನ್ನ ಕಡೆ ಹುಬ್ಬೇರಿಸುವರು.

"ಮಾವ..." ಎಂದೆ.

"ತಡಿ ಪುಟ್ಟಿ, ಸದ್ದು ಕೇಳಿಸ್ಬೇಕು."

ನಾನು ಸುಮ್ಮನಾದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಮೂಲೆಯ ಬೋಲ್ಟಿಗೆ ಟಕ್ ಬರಲೇ ಇಲ್ಲ. ಮಾವ ಕಾದರು, ಎಳೆದರು, ಇನ್ನೂ ಎಳೆದರು. ಹಿಡಿ ಇದ್ದಕ್ಕಿದ್ದಂತೆ ಹಗುರಾಗಿ ತಿರುಗಿತು. ಒಳಗೆ ಬೋಲ್ಟು ಹಿಡಿಯುವ ಥ್ರೆಡ್ ಕಿತ್ತು ಹೋಗಿತ್ತು.

ಮಾವ ತಮ್ಮ ಅಂಗೈಯನ್ನೇ ನೋಡಿದರು.

"ನನ್ನ ಕೈಗುಣಾನೇ ಇಷ್ಟು. ಇಂಥ ರೆಂಚು ಕೊಟ್ರೂ ಕೆಡಿಸ್ಕೊಂಡೆ ನೋಡು." ಅದನ್ನು ನನಗಿಂತ ಚೆನ್ನಾಗಿ ಒರೆಸಿ, ಹಿಡಿ ಸಡಿಲಿಸಿ, ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. "ಭಾವನಿಗೆ ಹೇಳ್ಬೇಡಮ್ಮ. ನಗ್ತಾರೆ."

ತಲೆಯಾಡಿಸಿದೆ. ಟೇಪು ಬಿಚ್ಚಿ ತೋರಿಸಲು ಉಗುರು ಅದರ ಅಂಚಿಗೆ ಹೋಗಿತ್ತು, ಅಷ್ಟೇ. ಬೀದಿಯಲ್ಲಿ ಪೆಟ್ಟಿಗೆಯ ಹೆಸರು ಕಾಣದಂತೆ ಎದೆಗವಚಿಕೊಂಡು ನಡೆದೆ.

ನಮ್ಮ ಗ್ಯಾರೇಜಿನಲ್ಲಿ ಅಮ್ಮ ಅಪ್ಪನಿಗೆ ಚಹಾ ತಂದಿದ್ದಳು. "ನನ್ನ ತಮ್ಮನ ಕೆಲ್ಸ ಆಯ್ತಾ?"

"ಮೂಲೆ ಬೋಲ್ಟಿನ ಥ್ರೆಡ್ ಹೋಯ್ತು," ಎಂದೆ. "ಅವರ ಕೈಯದೇ ತಪ್ಪು ಅಂದ್ಕೊಂಡಿದಾರೆ."

ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಲೋಟದೊಳಗೆ ನೋಡುತ್ತಿದ್ದರು. ಪೆಟ್ಟಿಗೆಯನ್ನು ಅವರ ಮುಂದಿಟ್ಟು ತೆರೆದೆ. ರೆಂಚಿನ ಟೇಪನ್ನು ಸುತ್ತು ಸುತ್ತಾಗಿ ಬಿಚ್ಚಿದೆ. ಅಂಟು ಬೆರಳಿಗೆ ಹತ್ತಿತು.

"ಆರಿಸಿದ್ದು ನಾನೇ ಅಪ್ಪ, ನಾನೂ ಬರ್ತೀನಿ. ಎದ್ದೇಳಿ, ಮಾವನಿಗೆ ಹೇಳಿ ಬರೋಣ."