ಎರಡೂ ಎಡತೋಳು

ಟೇಪಮ್ಮನ ಹಿತ್ತಲು ಹೇಳಿಕೊಳ್ಳುವಂಥದ್ದೇನಲ್ಲ. ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು, ಗೋಡೆ ಪಕ್ಕ ಒಂದು ನಿಂಬೆ ಗಿಡ. ಇಪ್ಪತ್ತು ಜನ ಕೂತರೆ ಇಪ್ಪತ್ತೊಂದನೆಯವರು ಗೋಡೆ ಹತ್ತಬೇಕು. ಅವಳ ಅಮ್ಮನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಒಂದು ಹಾಲ್ ಬಾಡಿಗೆಗೆ ಹಿಡಿಯೋಣ ಅಂತ ಗಂಡ ಮೆಲ್ಲಗೆ ಅಂದಾಗ, ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, "ಬಾಡಿಗೆ ಜಾಗ ಯಾಕ್ರೀ? ಹಿತ್ತಲಿಲ್ವಾ? ನಾನಿಲ್ವಾ?" ಅಂದಳು. ಅಲ್ಲಿಗೆ ಹಾಲ್‌ನ ಮಾತು ಮುಗಿಯಿತು.

ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ಹುಟ್ಟಿದವಳ ಹಾಗೆ ಓಡಾಡುತ್ತಿದ್ದರಿಂದ ಬೀದಿಯವರು ಅವಳಿಗೆ ಟೇಪಮ್ಮ ಅಂತ ಹೆಸರಿಟ್ಟಿದ್ದರು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಮೂವತ್ತು ವರ್ಷ ಪಳಗಿದ ಕೈ. ಬಂದ ಗಿರಾಕಿಗಳಿಗೆಲ್ಲ ಅವಳು ಹೇಳುತ್ತಿದ್ದ ಮಾತು ಒಂದೇ: "ನಾನು ಕತ್ತರಿಸಿದ್ದು ತಪ್ಪಿದ್ದನ್ನ ಒಂದೇ ಒಂದು ತೋರಿಸಿ, ಈ ಕತ್ತರಿ ನಿಮಗೇ ಕೊಟ್ಟುಬಿಡ್ತೀನಿ." ಜಂಬ ಅಂದರೆ ಜಂಬವೇ. ಆದರೆ ಹಾಲು ಕೊಡುವ ಹಸು ಒದ್ದರೂ ಜನ ಸಹಿಸಿಕೊಳ್ಳುತ್ತಾರೆ.

ಅಲಂಕಾರಕ್ಕೆ ಅಂಗಡಿಯಿಂದ ಒಂದು ಬಲೂನೂ ಬರಕೂಡದು ಅಂತ ಅವಳ ಆಜ್ಞೆಯಾಯಿತು. ಬಟ್ಟೆಯ ಅಚ್ಚು ಬರೆಯುವ ಕಂದು ಕಾಗದದಲ್ಲಿ ನೂರು ಹೂವು ಮಡಿಚಿದಳು. ಹಳೆಯ ಅಳತೆ ಪುಸ್ತಕಗಳ ಹಾಳೆ ಹರಿದು, ಪಟ್ಟಿ ಮಾಡಿ, ಅಂಟು ಹಚ್ಚಿ ಸರಪಳಿ ಮಾಡಿದಳು. ಇಡೀ ಬೀದಿಯ ಸೊಂಟದ ಸುತ್ತಳತೆ ನಿಂಬೆ ಗಿಡದಿಂದ ನಲ್ಲಿಯವರೆಗೆ ತೂಗಾಡಿತು. ಅಟ್ಟದ ಮೇಲಿದ್ದ ತುಂಡು ಬಟ್ಟೆಯ ಮೂಟೆಗಳಿಂದ ಬಾವುಟ ಕತ್ತರಿಸುವ ಕೆಲಸ ಮಾತ್ರ ಗಂಡನ ಪಾಲಿಗೆ ಬಿತ್ತು. ಅವನು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಕೈಗೆ ಏನು ಕೊಟ್ಟರೂ ಬಣ್ಣ ಬಣ್ಣ ಬೇರೆ ಮಾಡಿ ಸಾಲಾಗಿ ಜೋಡಿಸದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ.

ಅಮ್ಮ ಕೇಳಿದ್ದು ಬಾವುಟವನ್ನೂ ಅಲ್ಲ, ಹೂವನ್ನೂ ಅಲ್ಲ. "ನನಗೇನೂ ಬೇಡ ಕಣೇ. ನನ್ನ ಇಬ್ಬರು ಮಕ್ಕಳು, ಸೊಸೆ, ಅಳಿಯ ಒಂದೇ ಜಾಗದಲ್ಲಿ ಕೂತು ತಿನ್ನೋದು ನೋಡಬೇಕು. ಆಮೇಲೆ ಎಪ್ಪತ್ತಾರು ಬಂದರೂ ಸರಿ, ಬಿಟ್ಟರೂ ಸರಿ."

ಸೊಸೆ ಅಂದರೆ ಟೇಪಮ್ಮನ ಅಣ್ಣನ ಹೆಂಡತಿ. ಆಕೆ ಈ ಮನೆಯ ಹೊಸಿಲು ತುಳಿದು ಆರು ವರ್ಷವಾಗಿತ್ತು. ಕಾರಣ ಒಂದು ಗೌನು. ಅತ್ತಿಗೆಯ ತಂಗಿಯ ಮದುವೆಗೆ ಹೊಲಿದದ್ದು, ಕಡುನೀಲಿಯ ಮೇಲೆ ಚಿಕ್ಕ ಬಿಳಿ ಹೂವು. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಅತ್ತಿಗೆಯ ತೋಳಿನಲ್ಲಿ ಸುಟ್ಟ ಕಲೆ ಇತ್ತು. ಅದಕ್ಕೇ ಮಣಿಕಟ್ಟಿನವರೆಗೆ ತೋಳು ಬೇಕು ಅಂತ ಎರಡೆರಡು ಸಲ ಹೇಳಿ ಹೋಗಿದ್ದಳು. ಬಂದದ್ದು ಗಿಡ್ಡ ತೋಳು. "ನೀವು ಕೊಟ್ಟಿದ್ದು ಮೂರೂವರೆ ಮೀಟರು, ಬಟ್ಟೆ ಸಾಲಲಿಲ್ಲ," ಅಂದಳು ಟೇಪಮ್ಮ. "ನಾಲ್ಕು ಮೀಟರ್ ನಾನೇ ಅಳೆಸಿ ತಂದಿದ್ದೆ, ಉಳಿದಿದ್ದೆಲ್ಲಿ?" ಅಂದಳು ಅತ್ತಿಗೆ. ಆಗ ಅಮ್ಮ ನಡುವೆ ಬಂದು, "ನನ್ನ ಮಗಳು ಪರರ ಬಟ್ಟೆಯ ಒಂದು ದಾರ ಇಟ್ಟುಕೊಳ್ಳೋಳಲ್ಲ. ಸುಳ್ಳು ಹೇಳಬೇಡ," ಅಂದುಬಿಟ್ಟಿದ್ದರು. ನಾಲಿಗೆಗೆ ಎಲುಬಿಲ್ಲ ನೋಡಿ. ಅತ್ತಿಗೆ ಆ ಸೆಕೆಯಲ್ಲಿ ಮದುವೆಯ ದಿನವಿಡೀ ಶಾಲು ಹೊದ್ದು ಕೂತಿದ್ದಳಂತೆ. ಆಮೇಲೆ ಅಣ್ಣ ಒಬ್ಬನೇ ಬರುತ್ತಿದ್ದ, ಬಾಗಿಲಲ್ಲೇ ನಿಂತು ಅಮ್ಮನನ್ನು ಮಾತಾಡಿಸಿ ಹೋಗುತ್ತಿದ್ದ.

ಈ ಸಲ ಟೇಪಮ್ಮ ತಾನೇ ಫೋನು ಮಾಡಿದ್ದಳು. "ಒಂದು ಗಂಟೆ ಇದ್ದು ಹೋಗ್ತೀವಿ," ಅಂದಿದ್ದಳು ಅತ್ತಿಗೆ. ಒಂದು ಗಂಟೆ ಸಾಕು, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಅಂತ ಟೇಪಮ್ಮ ಧೈರ್ಯವಾಗಿದ್ದಳು.

ಮಧ್ಯಾಹ್ನ ಕೇಕು ಒಲೆಯಿಂದ ಇಳಿಸಿ ಹಿತ್ತಲಿಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಗಂಡ ಬಾವುಟದ ಸಾಲು ಕಟ್ಟಿ ಮುಗಿಸಿದ್ದ. ಹಳದಿ, ಕೇಸರಿ, ಕೆಂಪು, ಹಸಿರು. ನಟ್ಟನಡುವೆ, ಅಮ್ಮ ಕೂರುವ ಬೆಂಚಿನ ನೆತ್ತಿಗೆ ಸರಿಯಾಗಿ, ಎರಡು ಉದ್ದನೆಯ ನೀಲಿ ಬಟ್ಟೆ. ಕಡುನೀಲಿಯ ಮೇಲೆ ಚಿಕ್ಕ ಬಿಳಿ ಹೂವು.

"ಇವೆರಡು ಮೂಟೆಯ ತಳದಲ್ಲಿ ಪೇಪರ್ ಸುತ್ತಿಟ್ಟಿದ್ದವು ಕಣೇ," ಅಂದ ಗಂಡ ಖುಷಿಯಲ್ಲಿ. "ಆಗಲೇ ಬಾವುಟದ ಥರಾನೇ ಇದ್ದವು. ಕತ್ತರಿ ಹಾಕೋ ಕೆಲಸವೇ ಇರಲಿಲ್ಲ."

ಟೇಪಮ್ಮನಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಅವು ಬಾವುಟವಲ್ಲ, ತೋಳು. ಎರಡೂ ಎಡತೋಳು. ಹೊಲಿಗೆಗೆ ಹೊಸದಾಗಿ ಸೇರಿದ ಹುಡುಗಿಯೂ ಮಾಡದ ತಪ್ಪು ಅದು. ಬಟ್ಟೆ ಮಡಿಚಿ ಒಟ್ಟಿಗೆ ಕತ್ತರಿಸಿದ್ದರೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತಿತ್ತು. ಅವತ್ತು ಹೂವಿನ ಸಾಲು ಕೂಡಿಸುವ ಹಟಕ್ಕೆ ಬಿದ್ದು ಒಂದೊಂದೇ ಕತ್ತರಿಸಿದ್ದಳು, ಎರಡನೆಯದಕ್ಕೆ ಕಾಗದದ ಅಚ್ಚು ಮಗುಚಿಡಲು ಮರೆತಿದ್ದಳು. ಆ ಬಟ್ಟೆಗೆ ಹೂವು ಒಂದೇ ಮಗ್ಗುಲಿಗೆ, ಒಳಮೈ ಬಿಳುಚು, ಮಗುಚಿ ಹೊಲಿಯುವಂತಿರಲಿಲ್ಲ. ಮಿಕ್ಕ ಚೂರಿನಲ್ಲಿ ಬಂದದ್ದು ಗಿಡ್ಡ ತೋಳು. ತಪ್ಪಿತು ಅನ್ನಲು ಬಾಯಿ ಬರಲಿಲ್ಲ, ಬಟ್ಟೆ ಸಾಲಲಿಲ್ಲ ಅನ್ನುವುದು ಸುಲಭವಾಗಿ ಬಂತು. ಎಸೆದರೆ ಕಸದವಳಾದರೂ ನೋಡಿಯಾಳು ಅಂತ ಮೂಟೆಯ ತಳಕ್ಕೆ ತಳ್ಳಿದ್ದಳು.

ಗೇಟಿನ ಚಿಲಕ ಸದ್ದಾಯಿತು. ಟೇಪಮ್ಮ ಬೆಂಚು ಹತ್ತಿ ಎರಡನ್ನೂ ಕಿತ್ತು ಏಪ್ರನ್ನಿನ ಜೇಬಿಗೆ ತುರುಕಿದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂದುಕೊಂಡು ಇಳಿದಳು.

ಅಣ್ಣನ ಜತೆ ಅತ್ತಿಗೆ ಬಂದಳು. ಉದ್ದ ತೋಳಿನ ಅಂಗಡಿ ಅಂಗಿ ತೊಟ್ಟಿದ್ದಳು, ಹೆಗಲಿನ ಚೀಲ ಇಳಿಸಲಿಲ್ಲ. ಅಮ್ಮ, "ಬಾ," ಅಂದರು. ಆಕೆ, "ಚೆನ್ನಾಗಿದ್ದೀರಾ ಅತ್ತೆ?" ಅಂದಳು. ಆಕೆ ಹೋಗಿ ನಲ್ಲಿಯ ಹತ್ತಿರದ ಕೊನೆಯ ಕುರ್ಚಿಯಲ್ಲಿ ಕೂತಳು.

ಉಳಿದ ನೆಂಟರು, ಬೀದಿಯವರ ಗದ್ದಲಕ್ಕೇನೂ ಕಮ್ಮಿ ಇರಲಿಲ್ಲ. ಚಿಕ್ಕಮ್ಮ ಕಾಗದದ ಸರಪಳಿಗೆ ಕನ್ನಡಕ ಹತ್ತಿಸಿ, "ಇದ್ಯಾರದೋ ಸೊಂಟ ನಲವತ್ತನಾಲ್ಕು, ಹೆಸರು ಅಂಟಿನಲ್ಲಿ ಮುಚ್ಚಿಹೋಗಿದೆ, ಪುಣ್ಯ ಮಾಡಿದ್ದಳು," ಅಂದಳು. ಬೀದಿಯ ಬೇಕರಿಯವನು ಕಿವಿಯ ತನಕ ಬಾಯಿ ಅಗಲಿಸಿ ನಕ್ಕ. ಆಮೇಲೆ ಎಲ್ಲರ ಕಣ್ಣು ಬಾವುಟಗಳ ಮೇಲೆ ಬಿತ್ತು. ಇದು ನನ್ನ ಪರದೆ, ಅದು ನನ್ನ ಮಗಳ ಸ್ಕೂಲಿನ ಲಂಗ ಅಂತ ಒಬ್ಬೊಬ್ಬರೂ ಗುರುತು ಹಿಡಿದರು.

"ಅಂದರೆ ನಮ್ಮೆಲ್ಲರ ಬಟ್ಟೆಯಲ್ಲೂ ಉಳಿಸಿಕೊಂಡಿದ್ದೀಯ, ಕಳ್ಳಿ," ಅಂತ ಚಿಕ್ಕಮ್ಮ ರೇಗಿಸಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಟೇಪಮ್ಮನ ಕೈ ತಾನಾಗಿ ಏಪ್ರನ್ನಿನ ಜೇಬಿಗೆ ಹೋಯಿತು. ಸಾಲದ್ದಕ್ಕೆ ಗಂಡ, "ನಡುವಿನ ಎರಡು ನೀಲಿ ಎಲ್ಲಿ ಹೋದವೇ? ಸಾಲು ಕೆಟ್ಟುಹೋಯ್ತು," ಅಂದ. ಅವಳು ಅವನನ್ನು ನೋಡಿದ ನೋಟಕ್ಕೆ ಅವನು ಶರಬತ್ತಿನ ಲೋಟದಲ್ಲಿ ಮುಖ ಮುಚ್ಚಿಕೊಂಡ.

ಅಮ್ಮ ಸುಮ್ಮನಿರಬಾರದೇ? ಎಪ್ಪತ್ತೈದರ ಹುರುಪು. ಚಿಕ್ಕಮ್ಮನಿಗೆ ಹೇಳುವ ಹಾಗೆ, ಆದರೆ ನಲ್ಲಿಯ ಕಡೆಗೆ ಕೇಳಿಸುವ ಹಾಗೆ, "ಚೂರುಪಾರು ಬಿಡು, ಗಿರಾಕಿಗಳೇ ಬೇಡ ಅಂತ ಬಿಟ್ಟು ಹೋಗ್ತಾರೆ. ನನ್ನ ಮಗಳು ಕತ್ತರಿಸಿದ್ದು ತಪ್ಪಿಲ್ಲ, ಆಡಿದ್ದು ಸುಳ್ಳಲ್ಲ. ಅಂದವರ ಬಾಯಿ ಅವರಿಗೆ," ಅಂದರು.

ಅತ್ತಿಗೆ ತಟ್ಟೆ ಕೆಳಗಿಟ್ಟಳು. "ಹೊರಡೋಣ್ವಾ?" ಅಂತ ಗಂಡನನ್ನು ಕೇಳಿದಳು. ಅಣ್ಣ ಅಮ್ಮನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಕೈ ಒರೆಸಿಕೊಂಡು ಎದ್ದ. ಅಮ್ಮನ ಮುಖ ಇಳಿದುಹೋಯಿತು. ಆಡಿದ ಮಾತನ್ನು ವಾಪಸು ನುಂಗಲು ಆಗದೆ ಬೆಂಚಿನ ಅಂಚು ಹಿಡಿದುಕೊಂಡರು.

ಸುಮ್ಮನಿದ್ದರೆ ಟೇಪಮ್ಮ ಗೆದ್ದಂತೆಯೇ. ಕರೆದಳು, ಉಪಚರಿಸಿದಳು, ಅವರೇ ಮುನಿಸಿಕೊಂಡು ಹೋದರು ಅಂತ ಬೀದಿಯೇ ಸಾಕ್ಷಿ ಹೇಳುತ್ತಿತ್ತು. ಆದರೆ ಅಮ್ಮನ ಆ ಬೆರಳುಗಳನ್ನು ನೋಡಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎಂಥ ಗೆಲುವು ಇದು, ಮಣ್ಣು.

"ಅತ್ತಿಗೆ, ಒಂದು ನಿಮಿಷ," ಅಂದಳು. ಗಿರಾಕಿಗಳ ಜತೆ ಮಾತಾಡುವ ಅದೇ ಗಟ್ಟಿ ದನಿ. ಜೇಬಿನಿಂದ ಎರಡನ್ನೂ ತೆಗೆದು ಕೇಕಿನ ಪಕ್ಕ ಮೇಜಿನ ಮೇಲೆ ಹರಡಿ, ಅಂಗೈಯಲ್ಲಿ ಸುಕ್ಕು ತೀಡಿದಳು. "ಇವು ನಿಮ್ಮ ಗೌನಿನ ತೋಳು. ಎರಡೂ ಎಡಗೈದು. ಕತ್ತರಿಸಿದ್ದು ನಾನೇ, ತಪ್ಪಿದ್ದೂ ನಾನೇ. ನೀವು ತಂದಿದ್ದು ನಾಲ್ಕು ಮೀಟರೇ. ನಾನು ಸುಳ್ಳು ಹೇಳಿದೆ."

ಅತ್ತಿಗೆ ಹತ್ತಿರ ಬಂದು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಹಾಗಾದ್ರೆ ಬಟ್ಟೆ ಹೊಡ್ಕೊಂಡಿದ್ದಲ್ಲ?"

"ಅಲ್ಲ. ಕದ್ದಿದ್ದರೆ ಇಷ್ಟು ನಾಚಿಕೆ ಆಗ್ತಿರಲಿಲ್ಲ."

"ಅವತ್ತೇ ತಪ್ಪಿತು ಅಂದಿದ್ದರೆ," ಅಂದಳು ಅತ್ತಿಗೆ ನಿಧಾನಕ್ಕೆ, "ಇನ್ನೊಂದು ಮೀಟರ್ ತಂದುಕೊಡ್ತಿದ್ದೆ. ಅಂಗಡಿ ಎದುರಿಗೇ ಇತ್ತಲ್ಲ."

ಬೈದಿದ್ದರೂ ಟೇಪಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ.

ಅಮ್ಮ ಮಗಳ ಕಡೆ ತಿರುಗಿದರು. "ಒಂದು ತೋಳಿಗೆ ಆರು ವರ್ಷ ಹೋಯ್ತಲ್ಲೇ. ನನ್ನ ವಯಸ್ಸಿನೋಳಿಗೆ ಆರು ವರ್ಷ ಎಲ್ಲಿಂದ ತಂದುಕೊಡ್ತೀಯ?" ಅಂದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಸೊಸೆಯ ಮುಂದೆ ನಿಂತರು. "ನಾನು ನಿನ್ನ ಮಾತು ಕೇಳಲೇ ಇಲ್ಲ. ಮಗಳು ಹೇಳಿದ್ದೇ ನಿಜ ಅಂದೆ. ಎಲ್ಲರ ಮುಂದೆ ನಿನ್ನ ಸುಳ್ಳಿ ಮಾಡಿದೆ. ಎಲ್ಲರ ಮುಂದೆಯೇ ಹೇಳ್ತೀನಿ, ತಪ್ಪಾಯ್ತು ಕಣಮ್ಮ."

ಅತ್ತಿಗೆಯ ಕಣ್ಣು ತುಂಬಿತು. "ಕೂತ್ಕೊಳ್ಳಿ ಅತ್ತೆ, ಮಂಡಿ ನೋಯುತ್ತೆ," ಅಂದಳು. ಅಮ್ಮ ಕೂತರು, ಆದರೆ ಆಕೆಯ ಕೈ ಬಿಡಲಿಲ್ಲ. ಎಳೆದು ಪಕ್ಕದಲ್ಲೇ ಕೂರಿಸಿಕೊಂಡರು. ಅದು ಟೇಪಮ್ಮ ಕೂರಬೇಕಾಗಿದ್ದ ಜಾಗ. ಅಣ್ಣ ಮೆಲ್ಲಗೆ ಹೋಗಿ ಕೇಕು ಕತ್ತರಿಸುವ ಚಾಕು ತಂದ.

ಟೇಪಮ್ಮ ನಿಂತೇ ಬಡಿಸಿದಳು. ಯಾರೂ ಅವಳನ್ನು ರೇಗಿಸಲಿಲ್ಲ, ಅದೇ ಅವಳಿಗೆ ದೊಡ್ಡ ಶಿಕ್ಷೆ. ಆದರೂ ಆರು ವರ್ಷದಿಂದ ಹೊಟ್ಟೆಯಲ್ಲಿ ಸುತ್ತಿಟ್ಟಿದ್ದು ಹೊರಗೆ ಬಂದು ಮೈ ಹಗುರಾಗಿತ್ತು. ಕೊನೆಗೆ ಬೆಂಚಿನ ಹತ್ತಿರ ಬಂದು ಅತ್ತಿಗೆಯ ತಟ್ಟೆಗೆ ಕೇಕು ಹಾಕಿದಳು.

"ನನಗಿನ್ನೂ ಸಿಟ್ಟಿದೆ," ಅಂದಳು ಅತ್ತಿಗೆ, ತಲೆ ಎತ್ತದೆ.

"ಇರಲಿ ಅತ್ತಿಗೆ. ಇರಬೇಕಾದ್ದೇ."

ಅತ್ತಿಗೆ ಅಮ್ಮನ ಕಡೆಗೆ ಒತ್ತಿಕೊಂಡು, ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. "ಕೂತ್ಕೋ ಹಾಗಾದ್ರೆ," ಅಂದಳು. "ಈ ಸಿಟ್ಟು ಇಳಿಯೋವರೆಗೂ ನಾನು ಎಲ್ಲೂ ಹೋಗಲ್ಲ."