ಮುತ್ತಿಯ ಉಗುರು, ಹುಲಿಗೆಪ್ಪನ ಭಯ

ಬೈಯಪ್ಪನಹಳ್ಳಿಯ ಬಾಡಿಗೆ ರೂಮಿನಲ್ಲಿರುವ ಅಯ್ಯಮ್ಮನಿಗೆ ನಸುಕಿನಲ್ಲಿ ಬಸ್ ಸ್ಟಾಪಿಗೆ ಒಬ್ಬಳೇ ಹೋಗಲು ಭಯ. ಮೊದಲು ಅವಳ ನಾಯಿ ಮುತ್ತಿ ಜೊತೆಗೆ ಬರುತ್ತಿತ್ತು. ಬಸ್ಸು ಹೊರಡುವವರೆಗೂ ಕೂತಿದ್ದು ಆಮೇಲೆ ಮನೆ ಸೇರುತ್ತಿತ್ತು. ಬೇಸಿಗೆಯಲ್ಲಿ ಸ್ಕೂಟರ್ ತಗುಲಿ ಮುತ್ತಿಯ ಕಾಲು ಮುರಿಯಿತು. ತಿಂಗಳುಗಟ್ಟಲೆ ರೂಮಿನಲ್ಲೇ ಮಲಗಿದ ಮೇಲೆ ಮೂಳೆ ಕೂಡಿತು. ಆದರೆ ಅಷ್ಟರಲ್ಲಿ ಉಗುರುಗಳು ಸವೆಯದೆ ಉದ್ದ ಬೆಳೆದಿದ್ದವು. ಹೆಜ್ಜೆ ಇಟ್ಟರೆ ಬೆರಳು ಹೊರಳಿ ನೋಯುತ್ತಿತ್ತು. ಪಾಪ, ಮೆಟ್ಟಿಲ ತನಕ ಬಂದು ನಿಂತುಬಿಡುತ್ತಿತ್ತು.

ಅಯ್ಯಮ್ಮನ ಗಂಡ ಹುಲಿಗೆಪ್ಪನಿಗೆ ಮಹದೇವಪುರದ ಅಪಾರ್ಟ್‌ಮೆಂಟುಗಳಲ್ಲಿ ಗ್ರಾನೈಟ್ ಕೊಯ್ಯುವ ಕೆಲಸ. ಕೈ ಒರಟು, ಮನಸ್ಸು ಬೆಣ್ಣೆ. ಮನುಷ್ಯರ ನೇಲ್ ಕಟರ್ ಹಿಡಿದು ಮುತ್ತಿಯ ಉಗುರು ಕತ್ತರಿಸಲು ಹೋಗಿ ರಕ್ತ ಬರಿಸಿದ್ದ. ನಾಯಿ ಕಿರುಚಿತು, ಇವನು ಅತ್ತ. ಅಂದಿನಿಂದ ಮುತ್ತಿ ಯಾರಿಗೂ ಪಂಜ ಮುಟ್ಟಗೊಡಲಿಲ್ಲ.

ಅಯ್ಯಮ್ಮ ನೆಲ ಒರೆಸುವುದು ಕಮ್ಮನಹಳ್ಳಿಯಲ್ಲಿ ನಾಯಿಗಳಿಗೆ ಸ್ನಾನ, ಕ್ಷೌರ ಮಾಡಿಸುವ ಅಂಗಡಿಯಲ್ಲಿ. ಅಲ್ಲಿ ನಾಯಿಗಳ ಸ್ನಾನ, ಕ್ಷೌರ ನೋಡಿಕೊಳ್ಳುವವಳು ಶಿವಾಜಿನಗರದ ಫಹ್ಮಿದಾ. ವಿಷಯ ಕೇಳಿದವಳೇ ಭಾನುವಾರ ಉಗುರು ಉಜ್ಜುವ ಒಂದು ಪುಟ್ಟ ಮಷೀನ್ ಹಿಡಿದು ಬಂದಳು. ತುದಿಯಲ್ಲಿ ಸ್ಯಾಂಡ್‌ಪೇಪರ್ ಸುತ್ತಿದ ಸಣ್ಣ ಉರುಳೆ, ಗುಂಡಿ ಒತ್ತಿದರೆ ತಿರುಗುತ್ತದೆ. ಹುಲಿಗೆಪ್ಪ ಬಾಗಿಲಿಗೆ ಅಡ್ಡ ನಿಂತ.

"ಬ್ಯಾಡ್ರಿ. ದಿನಾ ಇದೇ ಕೆಲಸ ನಂದು. ತಿರುಗೋ ಮಷೀನು ಕಲ್ಲನ್ನ ಬಿಡಂಗಿಲ್ಲ, ಇದರ ಕಾಲು ಬಿಡ್ತದೇನು?"

ಫಹ್ಮಿದಾ ಜಗಳಕ್ಕೆ ಹೋಗಲಿಲ್ಲ. "ನಿಮ್ಮ ಭಯ ಸರಿಯಾಗೇ ಇದೆ ಅಣ್ಣಾ. ಕಲ್ಲು ಕೊಯ್ಯೋ ಮಷೀನ್ ನಾಯಿ ಹತ್ರ ತರಲೇಬಾರ್ದು. ಇದು ಬೇರೆ. ನಿಮ್ಮ ಉಗುರಿಗೇ ಇಟ್ಟು ನೋಡಿ."

ಹುಲಿಗೆಪ್ಪ ಹೆಬ್ಬೆರಳಿನ ಉಗುರಿಗೆ ಇಟ್ಟ. ಅಭ್ಯಾಸಬಲ, ಒತ್ತಿ ಹಿಡಿದ. ತಕ್ಷಣ ಬಿಸಿ ತಾಗಿ ಕೈ ಎಳೆದುಕೊಂಡ.

"ಕಲ್ಲಿಗಾದ್ರೆ ನೀರು ಬಿಟ್ಟು ಬಿಸಿ ಇಳಿಸ್ತೀರಿ," ಎಂದಳು ಫಹ್ಮಿದಾ. "ಇಲ್ಲಿ ಸ್ಪೀಡು ಕಡಿಮೆ ಇಟ್ಕೊಂಡು, ಮುಟ್ಟಿಸಿದ ಕೂಡ್ಲೇ ಎತ್ಬೇಕು. ಒತ್ತಲೇಬಾರ್ದು."

ಆ ದಿನ ಅವಳು ಮುತ್ತಿಯ ಉಗುರನ್ನು ಮುಟ್ಟಲೇ ಇಲ್ಲ. ಆಫ್ ಮಾಡಿದ ಮಷೀನನ್ನು ಮೂಸಲು ಬಿಟ್ಟು, ಬೇಯಿಸಿದ ಮೊಟ್ಟೆಯ ಚೂರು ಕೊಟ್ಟಳು. ಮುಂದಿನ ದಿನಗಳಲ್ಲಿ ದೂರದಿಂದ ಸದ್ದು ಕೇಳಿಸಿ, ಮೊಟ್ಟೆ ಕೊಡುತ್ತಾ ಹತ್ತಿರ ತನ್ನಿ ಎಂದು ಹೇಳಿ, ಮಷೀನನ್ನು ಅವರ ಬಳಿಯೇ ಬಿಟ್ಟುಹೋದಳು. ಆ ಸದ್ದು ಕೇಳಿದರೆ ಮುತ್ತಿ ಬಾಲ ಅಲ್ಲಾಡಿಸುವ ಹಾಗಾದ ಮೇಲೆಯೇ ಅವಳು ಮತ್ತೆ ಬಂದದ್ದು.

ಹೆಂಗಸರಿಬ್ಬರೂ ಕೂದಲು ಗಟ್ಟಿಯಾಗಿ ಕಟ್ಟಿ, ಸೆರಗು, ದುಪಟ್ಟಾ ಸಿಕ್ಕಿಸಿಕೊಂಡರು. ಪುಡಿ ಹಾರುತ್ತದೆಂದು ಮೂವರೂ ಮಾಸ್ಕು, ಕನ್ನಡಕ ಹಾಕಿದರು. ಮುತ್ತಿಯ ಬೆರಳ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ ಹಿಡಿದರು. ಒಂದು ಉಗುರು ಬೆಳ್ಳಗಿತ್ತು. ಫಹ್ಮಿದಾ ಅದರ ಹಿಂದೆ ಮೊಬೈಲ್ ಟಾರ್ಚ್ ಇಟ್ಟಳು.

ಹುಲಿಗೆಪ್ಪ ಬಗ್ಗಿ ನೋಡಿದ. ಉಗುರಿನೊಳಗೆ ಕೆಂಪಗೆ ಒಂದು ಎಳೆ. ಇಷ್ಟು ವರ್ಷ ಗಟ್ಟಿ ಕಲ್ಲು ಕೊಯ್ದವನು, ಗಟ್ಟಿಯಾದುದರ ಒಳಗೆ ಜೀವ ಇರುವುದನ್ನು ಕಂಡಿದ್ದು ಅದೇ ಮೊದಲು.

"ಅದು ರಕ್ತ, ನರ ಇರೋ ಜಾಗ. ಅಲ್ಲೀ ತನಕ ಹೋಗ್ಬಾರ್ದು," ಎಂದಳು ಫಹ್ಮಿದಾ. ಕಪ್ಪು ಉಗುರಿನಲ್ಲಿ ಈ ಎಳೆ ಕಾಣುವುದಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ಉಜ್ಜಿ ತುದಿಯನ್ನು ನೋಡುತ್ತಿರಬೇಕು, ತುದಿಯ ನಟ್ಟನಡುವೆ ಸಣ್ಣ ಕಪ್ಪು ಚುಕ್ಕೆ ಕಂಡರೆ ಅಲ್ಲಿಗೇ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟಳು.

ಅಷ್ಟು ಉಜ್ಜಿದರೂ ಉಗುರು ಉದ್ದವೇ ಇತ್ತು. ಅಯ್ಯಮ್ಮನ ಮುಖ ಸಪ್ಪಗಾಯಿತು.

"ಒಂದೇ ದಿನ ಗಿಡ್ಡ ಮಾಡೋಕೆ ಹೋಗ್ಬೇಡಿ ಅಕ್ಕಾ. ವಾರಕ್ಕೊಂದ್ಸಲ ಇಷ್ಟಿಷ್ಟೇ ಉಜ್ಜಿ. ತುದಿ ಸವೆದ ಹಾಗೆಲ್ಲ ಒಳಗಿನ ಜೀವ ತಾನಾಗೇ ನಿಧಾನಕ್ಕೆ ಹಿಂದೆ ಸರಿಯುತ್ತೆ."

ಹುಲಿಗೆಪ್ಪ ನಂಬಲಿಲ್ಲ. ಆದರೂ ವಾರವಾರ ತಾನೇ ಮಷೀನ್ ಹಿಡಿದ. ಕೆಲವು ವಾರ ಕಳೆದ ಮೇಲೆ ಟಾರ್ಚ್ ಹಿಡಿದು ನೋಡಿದರೆ, ಕೆಂಪು ಎಳೆ ನಿಜವಾಗಿಯೂ ಒಳಕ್ಕೆ ಹೋಗಿತ್ತು. ಮುತ್ತಿ ಅವನ ಅಂಗೈಯಲ್ಲಿ ಪಂಜ ಇಟ್ಟು ತೂಕಡಿಸುತ್ತಿತ್ತು.

"ಹಿಂದಕ ಸರದದ ನೋಡು ಅಯ್ಯಮ್ಮ," ಎಂದ ಮೆಲ್ಲಗೆ. "ನಾವು ಅವಸರ ಮಾಡ್ಲಿಲ್ಲ, ಅದು ಜಾಗ ಕೊಡ್ತು."

ಮಾರನೆಯ ಬೆಳಗ್ಗೆ ಮುತ್ತಿ ಮೆಟ್ಟಿಲ ಹತ್ತಿರ ನಿಲ್ಲಲಿಲ್ಲ. ಒಂದೊಂದೇ ಇಳಿದು ಅಯ್ಯಮ್ಮನ ಜೊತೆ ಬಸ್ ಸ್ಟಾಪಿನವರೆಗೂ ನಡೆದು ಅವಳ ಕಾಲ ಬಳಿ ಕೂತಿತು. ಬಸ್ಸು ಇವತ್ತು ತಡವಾಗಿಯೇ ಬರಲಿ ಅನ್ನಿಸಿತು ಅಯ್ಯಮ್ಮನಿಗೆ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ನಾಯಿಯ ಪಂಜವನ್ನು ಕೈಗೆ ತೆಗೆದುಕೊಂಡು ನೋಡಿ. ಉಜ್ಜುವಾಗ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಅಥವಾ ಉಗುರು ಮಾಂಸದೊಳಗೆ ಚುಚ್ಚಿಕೊಂಡಿದ್ದರೆ, ಪಶುವೈದ್ಯರ ಹತ್ತಿರ ಹೋಗಿ. ನಾಯಿ ನಡೆಯದೆ ನಿಂತಾಗ ಅದಕ್ಕೆ ವಯಸ್ಸಾಯಿತು ಎಂದು ಕೈಬಿಡುವ ಮೊದಲು, ಒಮ್ಮೆ ಅದರ ಉಗುರು ನೋಡಿ.