ದೋಣಿ ಬಳಸಿ ಹೋದ ಜಾಗ

ಶಂಕ್ರೆವ್ವನ ಬಾಯಿ ಜೋರು ಎಂದು ನಮ್ಮ ಪುನರ್ವಸತಿ ಕೇಂದ್ರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಗಂಡ ಸತ್ತ ಮೇಲೆ ಹತ್ತು ವರ್ಷ ಒಬ್ಬಳೇ ದೋಣಿ ಹುಟ್ಟು ಹಾಕಿ ಹೊಟ್ಟೆ ಹೊರೆದವಳಿಗೆ ಬಾಯಿಯಾದರೂ ಜೋರಿರಬೇಡವೇ? ಮುದ್ದೇಬಿಹಾಳದ ಮೀನು ಪೇಟೆಯಲ್ಲಿ ಗಂಡಸರೇ ನನ್ನ ಎದುರು ಮಾತು ನುಂಗುತ್ತಾರೆ. ಅಂಥ ಬಾಯಿ ಜೀವಮಾನದಲ್ಲಿ ಒಂದೇ ಒಂದು ಸಲ ಕಟ್ಟಿತು. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಮೋಘಸಿದ್ಧ ನಮ್ಮೂರ ಕುರುಬರವನು. ನಾನು ಅಂಬಿಗರ ಮನೆಯವಳು. ಅವನ ಹೆಂಡತಿ ಸಿದ್ದವ್ವ ನನ್ನ ಗೆಳತಿ. ಆಲಮಟ್ಟಿಯ ಹಿನ್ನೀರು ನಮ್ಮೂರಿಗೆ ಏರಿ ಬಂದ ವರ್ಷ, ಮಳೆಗಾಲದಲ್ಲಿ, ಅವಳು ಮೂರು ದಿನದ ಜ್ವರಕ್ಕೆ ತೀರಿಕೊಂಡಳು. ಗಂಡ ಆಗ ಕುರಿ ಹಿಂಡಿನ ಜೊತೆ ಸಿಂದಗಿ ಕಡೆ ಎಲ್ಲೋ ಇದ್ದ. ಕುರಿ ಹಿಂದೆ ಹೋದವನಿಗೆ ಸುದ್ದಿ ಮುಟ್ಟಿಸುವುದು ಸುಲಭದ ಮಾತಲ್ಲ. ಇವತ್ತು ಒಬ್ಬರ ಹೊಲದಲ್ಲಿ ಹಿಂಡು ತರುಬಿದರೆ ನಾಳೆ ಮತ್ತೊಬ್ಬರ ಹೊಲ. ಸುದ್ದಿ ಮುಟ್ಟಿ, ಅವನು ಓಡೋಡಿ ಬರುವಷ್ಟರಲ್ಲಿ ಹನ್ನೆರಡು ದಿನ ಕಳೆದಿದ್ದವು. ಅಷ್ಟರಲ್ಲಿ ಹೊಲ ಮುಳುಗಿತ್ತು, ಹೊಲದಲ್ಲಿ ಮಣ್ಣು ಮಾಡಿದ್ದ ಸಿದ್ದವ್ವನೂ ಮುಳುಗಿದ್ದಳು.

ಸತ್ತವರಿಗೆ ಮನೆಯವರು ಒಂದೊಂದು ಹಿಡಿ ಮಣ್ಣು ಕೊಡಬೇಕು, ಅದು ನಮ್ಮಲ್ಲಿ ಕಡೆಯ ಋಣ. ಅವನು ಕೊಟ್ಟಿರಲಿಲ್ಲ. ಊರ ಬೀರಪ್ಪನ ಗುಡಿ ಮುಳುಗುವ ಮೊದಲು ಅದರ ಅಂಗಳದಿಂದ ಒಂದು ಹಿಡಿ ಮಣ್ಣು ತೆಗೆದು, ಕಂಬಳಿಯ ಚುಂಗಿನಲ್ಲಿ ಗಂಟು ಹಾಕಿಕೊಂಡ. ನೆಟ್ಟಗೆ ನನ್ನ ಬಾಗಿಲಿಗೆ ಬಂದ.

“ಶಂಕ್ರೆವ್ವಾ, ಅಕಿನ್ನ ಎಲ್ಲಿಟ್ರಿ? ಮಣ್ಣಿಗೆ ನೀನೂ ಹೋಗಿದ್ದಿ ಅಲ್ಲ?”

“ಮಳಿ ಹೊಡಿಯಾಕತ್ತಿತ್ತೋ ಯಪ್ಪಾ. ಎತ್ತ ನೋಡಿದ್ರೂ ನೀರು. ಹೊಲದ ಮ್ಯಾಲಿನ ಅಂಚಿಗೆ ಇಟ್ವಿ ಅನ್ನೂದಷ್ಟ ನೆನಪೈತಿ.”

ಅವತ್ತು ಅದು ನಿಜವೇ ಆಗಿತ್ತು. ಮಣ್ಣಿಗೆ ಹೋದವರು ನಾವು ನಾಲ್ಕೇ ಜನ, ಉಳಿದವರೆಲ್ಲ ಆಗಲೇ ಸಾಮಾನು ಹೇರಿಕೊಂಡು ಗುಡ್ಡದ ಮೇಲಿನ ಹೊಸ ಮನೆಗಳಿಗೆ ಹೋಗಿದ್ದರು. ಕುಣಿ ತೋಡಿದ ಧೂಳಪ್ಪನಿಗೂ ಅಷ್ಟೇ ನೆನಪು, ಮುಂದಿನ ವರ್ಷ ತಾನೂ ತೀರಿಹೋದ. ಇನ್ನಿಬ್ಬರು ದುಡಿಯಲು ಗೋವೆಗೆ ಹೋಗಿ ಅಲ್ಲೇ ಉಳಿದರು. ಉಳಿದವಳು ನಾನೊಬ್ಬಳೇ.

ಅಮೋಘಸಿದ್ಧ ಕುರಿಗಳನ್ನು ಇಂಡಿಯಲ್ಲಿದ್ದ ಅಣ್ಣ ಬಸಂತರಾಯನಿಗೆ ಒಪ್ಪಿಸಿ ಬಂದ. “ಮಣ್ಣ ಕೊಟ್ಟು ಬರ್ತೇನಿ, ಅಲ್ಲೀತನ ನೀ ಕಾಯಿ” ಎಂದಿದ್ದನಂತೆ. ದಿನಾ ನನ್ನ ದೋಣಿ ಹತ್ತಲು ಶುರುಮಾಡಿದ. ಸುಮ್ಮನೆ ಕೂತು ನೀರು ನೋಡುವವನಿಗೆ ದೋಣಿ ನಡೆಸಲು ನನಗೇನು ಹುಚ್ಚೇ? “ಕೈಗೊಂದು ಕೆಲಸ ಹಚ್ಚಿಕೋ” ಎಂದು ಬೈದೆ. ಆಗ ಅವನು ಚಮಚದ ಗಾಳ ಮಾಡಿದ್ದು.

ಡ್ಯಾಮಿನ ಕೆಲಸಕ್ಕೆ ಕರಾವಳಿಯಿಂದ ಬಂದಿದ್ದ ವೆಲ್ಡರ್ ಒಬ್ಬ ಅವನಿಗೆ ಅದನ್ನು ಕಲಿಸಿಕೊಟ್ಟಿದ್ದ. ಹೊಳೆ ಸಮುದ್ರ ಸೇರುವ ಅಳಿವೆಯ ತೆಳ್ಳನೆ ನೀರಿನಲ್ಲಿ, ಅವರ ಕಡೆ, ಚಪ್ಪಟೆ ತಲೆಯ ಮೀನೊಂದು ಮರಳಿನಲ್ಲಿ ಹೊಟ್ಟೆಯೂರಿ ಮಲಗಿರುತ್ತದಂತೆ. ಹುಳ ಬೇಡ, ಏನೂ ಬೇಡ. ಹೊಳೆಯುವ ತಗಡೊಂದನ್ನು ದೋಣಿಯ ಹಿಂದೆ ನೆಲಕ್ಕೆ ತಾಗಿಸುತ್ತ ಮೆಲ್ಲಗೆ ಎಳೆದರೆ ಸಾಕಂತೆ, ಮಲಗಿದ ಮೀನು ಸಿಟ್ಟಿಗೆದ್ದು ಬಂದು ಕಚ್ಚುತ್ತದಂತೆ. ನಮ್ಮ ಹಿನ್ನೀರಿನ ಅಂಚಿನಲ್ಲೂ ಸೊಂಟದಷ್ಟು ನೀರು, ಕೆಳಗೆ ಕೆಸರು. ಕೆಸರಿನಲ್ಲಿ ಬಾಳೆಮೀನು. ಅದರದೂ ಚಪ್ಪಟೆ ತಲೆ, ಅಗಲ ಬಾಯಿ, ಎರಡು ಮೀಸೆ. ಅಮೋಘಸಿದ್ಧ ಸಿದ್ದವ್ವನ ಹಿತ್ತಾಳೆ ಚಮಚದ ಹಿಡಿ ಕತ್ತರಿಸಿ ತೂತು ಕೊರೆದ, ಕೊಕ್ಕೆ ಕಟ್ಟಿದ, ಕೊಕ್ಕೆಗೆ ಕುರಿ ಉಣ್ಣೆಯ ಕುಚ್ಚನ್ನು ಕುಂಕುಮದ ನೀರಿನಲ್ಲಿ ಅದ್ದಿ ಕಟ್ಟಿದ.

“ಬಸುರಿಗೆ ಮಾಡಿದಂಗ ಮೀನಿಗೆ ಕುಬಸಾ ಮಾಡಾಕತ್ತಿ ಏನೋ?” ಎಂದು ನಕ್ಕೆ. ಮೊದಲ ದಿನವೇ ತೊಡೆಯಷ್ಟು ದಪ್ಪದ ಮೀನು ಬಂತು. ಆಮೇಲೆ ನಗಲಿಲ್ಲ.

ಹಾಗೆ ನಾನು ಹುಟ್ಟು ಹಾಕುವುದು, ಅವನು ಹಿಂದಿನ ಹಲಗೆಯ ಮೇಲೆ ಕೂತು ದಾರವನ್ನು ತೋರು ಬೆರಳಿಗೆ ಸುತ್ತಿಕೊಂಡು ಚಮಚ ಎಳೆಸುವುದು. ಗಾಳದ ನೆಪದಲ್ಲಿ ಅವನು ನೆಲವನ್ನೇ ಓದುತ್ತಿದ್ದ. “ಇದು ಪರಪ್ಪಗೌಡರ ಬದು ನೋಡು, ಚಮಚಾ ಏರಿ ಇಳೀತು. ಇದು ಬಂಡಿ ದಾರಿ, ಗಟ್ಟಿ ಐತಿ. ಇನ್ನ ನಮ್ಮ ಹೊಲ ಬರ್ತೈತಿ” ಎನ್ನುತ್ತಿದ್ದ. ಹೊಲ ಬಂದಾಗ ದಾರವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದ. ಗೋರಿಯ ದಿಬ್ಬ ಚಮಚಕ್ಕೆ ತಾಗೀತು ಎಂದು ಕಾಯುತ್ತಿದ್ದ. ಅವನ ಮುಖ ನೋಡಲಾಗದೆ ನಾನು ನೀರನ್ನು ನೋಡುತ್ತಿದ್ದೆ.

ಎರಡನೆಯ ತಿಂಗಳಿಗೆ ನನ್ನ ಹುಟ್ಟು ನೀರಿನೊಳಗೆ ಕಲ್ಲಿಗೆ ಬಡಿಯಿತು. ಅವನು ಅವತ್ತು ಬಂದಿರಲಿಲ್ಲ, ಹೂವಿನ ಹಿಪ್ಪರಗಿಯ ಸಂತೆಗೆ ಹೋಗಿದ್ದ. ಬಡಿದ ಸದ್ದಿಗೇ ನನಗೆ ಗೊತ್ತಾಯಿತು. ಅದು ಸಿದ್ದವ್ವನ ಬೀಸುಕಲ್ಲಿನ ಮೇಲಿನ ಕಲ್ಲು. ಮಳೆ ಮಣ್ಣನ್ನು ಕೊಚ್ಚಿಕೊಂಡು ಹೋಗಬಾರದೆಂದು ಕುಣಿಯ ಮೇಲೆ ಅದನ್ನು ಇಟ್ಟವಳು ನಾನೇ. ನಾನೂ ಅವಳೂ ಎದುರುಬದುರು ಕೂತು ಅದೇ ಕಲ್ಲಿನಲ್ಲಿ ಎಷ್ಟು ಜೋಳ ಬೀಸಿದ್ದೆವೋ.

ಸಂಜೆ ಹೇಳಬೇಕೆಂದಿದ್ದೆ. ಅವನು ಸಂತೆಯಿಂದ ಬರುವಾಗ ಎರಡು ಬಾಳೆಹಣ್ಣು ತಂದ, ಒಂದನ್ನು ನನ್ನ ಕೈಗಿಟ್ಟು ಇನ್ನೊಂದನ್ನು ಅಲ್ಲೇ ದಂಡೆಯ ಮೇಲೆ ಕೂತು ತಿಂದ. ನನಗೆ ಹತ್ತು ವರ್ಷದಲ್ಲಿ ಯಾರೂ ಏನನ್ನೂ ತಂದುಕೊಟ್ಟಿರಲಿಲ್ಲ. ಹೇಳಿದರೆ ನಾಳೆ ಮಣ್ಣು ಕೊಡುತ್ತಾನೆ, ನಾಡಿದ್ದು ಇಂಡಿಯ ಬಸ್ಸು ಹತ್ತುತ್ತಾನೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಮೂರು ವರ್ಷವಾಯಿತು.

ಬೈಯುವವರು ಬೈಯಿರಿ. ನಾನು ಅವನನ್ನು ಮದುವೆಯಾಗಬೇಕೆಂದು ಕನಸು ಕಂಡವಳಲ್ಲ. ಕುರುಬನೊಬ್ಬ, ಅಂಬಿಗರ ವಿಧವೆಯೊಬ್ಬಳು, ನಮ್ಮ ಜನ ಬಿಟ್ಟಾರೆಯೇ? ಹೆಂಡತಿಯ ಮಣ್ಣು ಹುಡುಕುತ್ತಿದ್ದಾನೆ, ಪಾಪ, ಎಂಬ ಒಂದೇ ಮಾತಿಗೆ ಊರು ನಮ್ಮ ತಂಟೆಗೆ ಬರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಮುಂಜಾನೆಯ ಆ ಎರಡು ತಾಸು ಅಷ್ಟೇ. ಅವನು ದೋಣಿಯಲ್ಲಿ ಕೂತಿರಬೇಕು, ಅವನ ಕಂಬಳಿಯ ವಾಸನೆ ಗಾಳಿಯಲ್ಲಿ ಬರಬೇಕು, ನಾನು ಅವನನ್ನು ಬೈಯುತ್ತಿರಬೇಕು.

ಅದಕ್ಕೇ ದೋಣಿಯನ್ನು ಆ ಕಲ್ಲಿನ ಮೇಲೆ ಒಯ್ಯುತ್ತಿರಲಿಲ್ಲ. ಅಲ್ಲಿಗೆ ಬಂದಾಗ ದೊಡ್ಡದಾಗಿ ಸುತ್ತು ಹಾಕಿ ಬಳಸಿ ಹೋಗುತ್ತಿದ್ದೆ. “ಅಲ್ಲಿ ಜಾಲಿ ಮುಳ್ಳೈತಿ, ದಾರ ಹರೀತೈತಿ” ಎಂದು ಸುಳ್ಳು ಹೇಳುತ್ತಿದ್ದೆ. ಅವನು ಮೊದಮೊದಲು ಸುಮ್ಮನೆ ಕೂತಿರುತ್ತಿದ್ದ. ಆಮೇಲಾಮೇಲೆ ಆ ತಿರುವಿಗೆ ಬಂದಾಗಲೆಲ್ಲ ದಾರ ಎಳೆದು ಚಮಚವನ್ನು ಮೇಲೆತ್ತಿಕೊಳ್ಳುತ್ತಿದ್ದ. “ಪಾಚಿ ಹತ್ತೈತಿ, ತೊಳೀತೇನಿ” ಎಂದು ಅದನ್ನು ಅಂಗೈಯಲ್ಲಿ ಹಿಡಿದು ಉಜ್ಜುತ್ತ ಕೂರುತ್ತಿದ್ದ. ನನಗೂ ಅದೇ ಬೇಕಿತ್ತು, ಕಾರಣ ಕೇಳಲಿಲ್ಲ.

ನಮ್ಮ ಮೀನು ಒಯ್ದು ಪೇಟೆಯಲ್ಲಿ ಮಾರುವ ಜನ್ನತಬಿಯ ಕಣ್ಣಿಗೆ ಮಾತ್ರ ಎಲ್ಲ ಬಿದ್ದಿತ್ತು. ಅವನು ಒಂದು ದಿನ ತಡಮಾಡಿದರೆ, “ಯಾಕ ಶಂಕ್ರೆವ್ವಾ, ನಿನ್ನ ಪ್ಯಾಸೆಂಜರ್ ಬಂದಿಲ್ಲಂತ ಮೀನಿಗೆ ಬೈಯಾಕತ್ತೀಯೇನು?” ಎನ್ನುತ್ತಿದ್ದಳು. “ನಿನ್ನ ಬಾಯಾಗ ಬೆಂಕಿ ಹಾಕ್ಲಿ” ಎಂದು ಅವಳ ಬುಟ್ಟಿ ಎತ್ತಿ ತಲೆಯ ಮೇಲೆ ಇಡುತ್ತಿದ್ದೆ.

ನಾಲ್ಕನೆಯ ಬೇಸಿಗೆ ಮಳೆ ಸುಳಿವೇ ಇರಲಿಲ್ಲ. ನೀರು ದಿನಕ್ಕೆ ನಾಲ್ಕು ಬೆರಳು ಇಳಿಯತೊಡಗಿತು. ಹಿಂದೆಂದೂ ಕಾಣದ ಬದುಗಳು ಕಂಡವು. ಸೊಂಟದ ನೀರು ಮೊಳಕಾಲಿಗೆ ಬಂತು. ಹುಟ್ಟು ಇಳಿಸಿ ಅಳೆದು ನೋಡಿದೆ. ಇನ್ನು ಎಂಟು ದಿನಕ್ಕೆ ಬೀಸುಕಲ್ಲು ಬಿಸಿಲಿಗೆ ಬರುತ್ತಿತ್ತು. ಮೂರು ವರ್ಷ ನಾನು ಬಚ್ಚಿಟ್ಟದ್ದನ್ನು ನೀರೇ ಅವನಿಗೆ ತೋರಿಸುವುದಿತ್ತು. ನನ್ನ ಬಾಯಿಂದಲೇ ಕೇಳಲಿ, ಉಗುಳಿದರೆ ಮುಖಕ್ಕೇ ಉಗುಳಲಿ ಎಂದು ಗಟ್ಟಿ ಮಾಡಿಕೊಂಡೆ.

ಮರುದಿನ ಮುಂಜಾನೆ ಸುತ್ತು ಹಾಕಲಿಲ್ಲ. ನೆಟ್ಟಗೆ ಒಯ್ದು ಕಲ್ಲಿನ ಮೇಲೆ ದೋಣಿ ನಿಲ್ಲಿಸಿದೆ. ತಿಳಿ ನೀರಿನ ಕೆಳಗೆ ಅದರ ದುಂಡು, ನಡುವಿನ ತೂತು ಎಲ್ಲ ಕಾಣುತ್ತಿದ್ದವು.

“ಅಮೋಘಾ, ಅಕಿ ಇಲ್ಲೇ ಅದಾಳ” ಎಂದೆ. “ನನಗ ಎರಡನೇ ತಿಂಗಳಿಂದನ ಗೊತ್ತಿತ್ತು. ಹೇಳಲಿಲ್ಲ. ನೀ ಬೈಯೂದಿದ್ರ ಬೈ.”

ಅವನು ಬೈಯಲಿಲ್ಲ, ಬೆಚ್ಚಲೂ ಇಲ್ಲ. ದಾರವನ್ನು ಬೆರಳಿನಿಂದ ಮೆಲ್ಲಗೆ ಬಿಚ್ಚಿದ.

“ನನಗೂ ಗೊತ್ತೈತಿ” ಎಂದ.

“ಏನಂದಿ?”

“ನೀ ಹುಟ್ಟು ಹಾಕಾಕಿ, ದಾರ ಹಿಡದಾಕಿ ಅಲ್ಲ. ದೋಣಿ ಸುತ್ತು ಬಳಸಿದ್ರ ಹಿಂದಿನ ಚಮಚಾ ಬಳಸೂದಿಲ್ಲ, ಒಳಗಿಂದ ಅಡ್ಡ ಹಾಯ್ತೈತಿ. ಎರಡನೇ ವರ್ಷ ಶೀಗಿ ಹುಣ್ಣಿವಿ ಮುಂದ ಠಣ್ ಅಂತ ಕಲ್ಲಿಗೆ ಬಡೀತು. ಎರಿ ಮಣ್ಣಿನ ಹೊಲದಾಗ ಕಲ್ಲು ಎಲ್ಲಿಂದ ಬರಬೇಕು, ಶಂಕ್ರೆವ್ವಾ? ಅವತ್ತಿನಿಂದ ಇಲ್ಲಿಗೆ ಬಂದಾಗ ಚಮಚಾ ಎತ್ತಿ ಹಿಡೀತಿದ್ದೆ. ಅಕಿಗೆ ಬಡೀಬಾರದಂತ.”

ನಾನು ನದಿಯ ಮೇಲೆ ಹುಟ್ಟಿ ಬೆಳೆದವಳು. ದೋಣಿ ತಿರುಗಿದರೆ ಹಗ್ಗದ ತುದಿ ಎಲ್ಲಿ ಹಾಯುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲವಲ್ಲ! ನಾಚಿಕೆ ಸಿಟ್ಟಾಗಿ ತಿರುಗಿತು.

“ಮತ್ತ ಯಾಕ ಬಾಯಿ ಬಿಡಲಿಲ್ಲೋ ಮಳ್ಳಾ? ಆ ಮಣ್ಣ ಚುಂಗಿನ್ಯಾಗ ಕಟಗೊಂಡು ಇಷ್ಟು ದಿನ ಯಾಕ ಅಡ್ಡಾಡೀದಿ?”

“ಮಣ್ಣ ಕೊಟ್ಟ ಮ್ಯಾಲ ನಿನ್ನ ದೋಣಿಯಾಗ ಕೂಡಾಕ ನನಗ ಏನ ನೆಪ ಉಳೀತಿತ್ತು?” ಎಂದ.

ಹಾಗೆ ಹೇಳಿ ಕಂಬಳಿಯ ಗಂಟು ಬಿಚ್ಚಿದ. ಇಷ್ಟು ವರ್ಷದ ಗಂಟು, ಹಲ್ಲು ಹಾಕಿ ಬಿಚ್ಚಬೇಕಾಯಿತು. ಮಣ್ಣು ಒಣಗಿ ಹಿಟ್ಟಾಗಿತ್ತು. ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟ. “ತಡಾ ಆತು, ಸಿದ್ದವ್ವಾ” ಎಂದು ಅಳತೊಡಗಿದ. ನಾನೂ ಅತ್ತೆ. ಮಣ್ಣು ಮೆಲ್ಲಗೆ ಇಳಿದು ಕಲ್ಲಿನ ಮೇಲೆ ಕೂತಿತು.

ಆಮೇಲೆ ಅವನು ಮುಖ ಒರೆಸಿಕೊಂಡು ನನ್ನತ್ತ ತಿರುಗಿದ.

“ನಾಳೆಯಿಂದ ನೆಪ ಇಲ್ಲದ ಬಂದ್ರ ಹತ್ತಿಸಿಕೊಳ್ತೀಯೇನು?”

ನಾಲಿಗೆಯ ತುದಿಯಲ್ಲೇ ಇತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಕೆಳಗೆ, ಮೊಳಕಾಲು ನೀರಿನಲ್ಲಿ, ಅವಳಿದ್ದಳು. ನಾನೇ ಇಟ್ಟ ಕಲ್ಲು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಗೆಳತಿಯ ಎದೆಯ ಮೇಲೆ ದೋಣಿ ನಿಲ್ಲಿಸಿಕೊಂಡು ಅವಳ ಗಂಡನಿಗೆ ಹೂಂ ಅನ್ನಲೇ? ದಂಡೆಗೆ ಹೋದ ಮೇಲೆ ಹೇಳಿದರಾಯಿತು ಎಂದು ಹುಟ್ಟು ನೀರಿಗೆ ಹಾಕಿದೆ. ದಂಡೆ ಬಂತು. ಅಲ್ಲಿ ಜನ್ನತಬಿ ಬುಟ್ಟಿ ಹಿಡಿದು ನಿಂತಿದ್ದಳು, ಇನ್ನೂ ನಾಲ್ಕು ಜನ ಇದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಅವನು ಒಂದು ಕ್ಷಣ ನಿಂತ. ಚಮಚವನ್ನು ದಾರದ ಸಮೇತ ಹಲಗೆಯ ಮೇಲಿಟ್ಟು, “ಬರ್ತೇನಿ” ಎಂದು ಇಳಿದು ಹೋದ.

ರಾತ್ರಿಯಿಡೀ ಆ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡೆ. ಬೆಳಕು ಹರಿಯುವ ಮೊದಲೇ ದಂಡೆಗೆ ಹೋಗಿ, ಅವನು ಕೂರುವ ಹಲಗೆ ತೊಳೆದು ಕಾದೆ. ಬಿಸಿಲು ಏರಿತು. ಜನ್ನತಬಿಯೇ ಬಂದು ಹೇಳಿದಳು, “ಮದಲಿನ ಬಸ್ಸಿಗೆ ಹ್ವಾದ. ಇಂಡಿಗಂತ, ಅಣ್ಣನ ಕಡೆ ಕುರಿ ಕಾಯಾಕ.” ಅವತ್ತು ಅವಳು ಚೇಷ್ಟೆ ಮಾಡಲಿಲ್ಲ. ನನ್ನ ಪಕ್ಕದಲ್ಲಿ ಕೂತು ಎಲೆ ಅಡಿಕೆ ಮಡಿಸಿ ಕೊಟ್ಟಳು.

ಮೂರು ಸಲ ಸುದ್ದಿ ಕಳಿಸಿದೆ. ಇಂಡಿಗೆ ಹೋದವರು, ಹಿಂಡು ಸಿಂದಗಿಗೆ ಹೋಯಿತು ಎಂದರು. ಸಿಂದಗಿಗೆ ಕಳಿಸಿದರೆ, ಭೀಮಾ ನದಿ ದಾಟಿದರು ಎಂದರು. ಮೂರನೆಯ ಸಲ ಇಂಗಳೇಶ್ವರದ ಕುರಿಗಾರನೊಬ್ಬನ ಕೈಯಲ್ಲಿ, “ಶಂಕ್ರೆವ್ವ ಹೂಂ ಅಂದ್ಲು ಅಂತ ಹೇಳು” ಎಂದು ಕಳಿಸಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನೋಡಲಿ, ನನಗೇನು? ಆ ಮಾತು ಮುಟ್ಟಿತೋ ಇಲ್ಲವೋ, ಯಾರೂ ಬಂದು ಹೇಳಿಲ್ಲ.

ಮಳೆ ಬಂತು, ಕಲ್ಲು ಮತ್ತೆ ಮುಳುಗಿತು. ಈಗ ಹುಟ್ಟು ಹಾಕುವವಳೂ ನಾನೇ, ದಾರ ಹಿಡಿದವಳೂ ನಾನೇ. ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಚಮಚ ಎಳೆಸುತ್ತೇನೆ. ಪರಪ್ಪಗೌಡರ ಬದು ಏರಿ ಇಳಿಯುವುದು ಗೊತ್ತಾಗುತ್ತದೆ, ಬಂಡಿ ದಾರಿ ಗೊತ್ತಾಗುತ್ತದೆ. ಸಿದ್ದವ್ವನ ಹೊಲ ಬಂದಾಗ ಚಮಚ ಮೇಲೆತ್ತಿ, ಪಾಚಿ ಇಲ್ಲದಿದ್ದರೂ ತೊಳೆಯುತ್ತೇನೆ. ದಿನಾ ಮುಂಜಾನೆ ದೋಣಿ ನೂಕುವ ಮೊದಲು ಖಾಲಿ ಹಲಗೆಗೆ ಒಂದು ಮಾತು ಹೇಳುವುದು ರೂಢಿಯಾಗಿದೆ. ಜನ ಕೇಳಿಸಿಕೊಂಡು ನಗುತ್ತಾರೆ, ನಾನು ದನಿ ತಗ್ಗಿಸುವುದಿಲ್ಲ.

“ಹತ್ತೋ ಮಾರಾಯಾ, ಹೊತ್ತಾತು” ಎನ್ನುತ್ತೇನೆ. ಸ್ವಲ್ಪ ಹೊತ್ತು ದೋಣಿ ಹಿಡಿದು ನಿಲ್ಲುತ್ತೇನೆ, ಆಮೇಲೆ ನೂಕುತ್ತೇನೆ.